ದೂರವಾಣಿ ‘ತಂತ್ರಜ್ಞ’ರಿಂದ ಎಚ್ಚರಿಕೆ

ಮೈಕ್ರೋಸಾಫ್ಟ್‌ನ ತಂತ್ರಜ್ಞನೆಂದು ಕರೆ ಮಾಡುವ ವಂಚಕನು ಲೆಕ್ಕಪತ್ರ ವಿಭಾಗದ ಸಿಬ್ಬಂದಿಯಿಂದ ಮೊದಲು ವಿಂಡೋಸ್‌ನ ‘ಇವೆಂಟ್ ವ್ಯೂವರ್’ ತೆರೆಸುತ್ತಾನೆ. ಸುಸ್ಥಿತಿಯ ಕಂಪ್ಯೂಟರಿನಲ್ಲಿಯೂ ಅಲ್ಲಿ ದೋಷಸೂಚನೆಗಳು ಸಾಮಾನ್ಯ. ಅವನ್ನೇ ವೈರಸ್ಸಿನ ಪುರಾವೆಯೆಂದು ನಂಬಿಸುತ್ತಾನೆ. ಬಳಿಕ ಎನಿಡೆಸ್ಕ್‌ನಂತಹ ದೂರನಿಯಂತ್ರಣ ತಂತ್ರಾಂಶ ಹಾಕಿಸಿದನೆಂದರೆ ಸಂಸ್ಥೆಯ ಬ್ಯಾಂಕ್ ಖಾತೆ ಅವನ ಕೈಗೆಟಕುತ್ತದೆ. ಗ್ರಾಹಕರು ಕೋರದೆ ಮೈಕ್ರೋಸಾಫ್ಟ್ ಇಂತಹ ಕರೆ ಮಾಡುವುದಿಲ್ಲ.

ಆದುದರಿಂದ ಕರೆಯನ್ನು ಕೂಡಲೇ ಕಡಿಯತಕ್ಕದ್ದು. ಪ್ರವೇಶ ನೀಡಿಬಿಟ್ಟಿದ್ದಲ್ಲಿ ಅಂತರಜಾಲ ಸಂಪರ್ಕ ತಪ್ಪಿಸಿ, ಬ್ಯಾಂಕಿಗೂ 1930 ಸಹಾಯವಾಣಿಗೂ ತಕ್ಷಣ ತಿಳಿಸಿ, ಬೇರೊಂದು ಸಾಧನದಿಂದ ಗುಪ್ತಪದಗಳನ್ನು ಬದಲಿಸಬೇಕು. ಗ್ರಾಹಕನ ಅಲಕ್ಷ್ಯದಿಂದಾದ ನಷ್ಟವು ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕನದು, ಅನಂತರದ್ದು ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ವಿಧಿಸಿತು. ಮಾಲೀಕರಿಗೆ ಅಂಜಿ ಸಿಬ್ಬಂದಿ ವಿಷಯವನ್ನು ಮುಚ್ಚಿಟ್ಟಷ್ಟು ಹೊತ್ತೂ ನಷ್ಟದ ಹೊರೆ ಸಂಸ್ಥೆಯದೇ.