ಗರ್ಜನೆಗೂ ಸಾಹಿತ್ಯ ಬೇಕು
ಬಬ್ಬೂರಿನ ಮನೆಯಲ್ಲಿ ನಾನು ಡೆತ್ ಮೆಟಲ್ ಸಂಗೀತ ಹಾಕಿದರೆ ಅಮ್ಮ ಕೇಳುವುದು ಒಂದೇ: "ಯಾರಿಗೋ ಅವನು ಹಂಗೆ ಬೈತಿರೋದು?"

ಬೈಯುತ್ತಿಲ್ಲ, ಕೂತು ಬರೆದದ್ದನ್ನೇ ಹಾಡುತ್ತಿದ್ದಾನೆ. ಈ ಸಂಗೀತದಲ್ಲಿ ಸಾಮಾನ್ಯವಾಗಿ ಗಿಟಾರಿನ ರಿಫ್, ಅಂದರೆ ಮರುಕಳಿಸುವ ಪುಟ್ಟ ನಾದದ ತುಣುಕು, ಮೊದಲು, ಮಾತು ಆಮೇಲೆ. ಡ್ರಮ್ಮಿನ ಪೆಟ್ಟಿಗೆ ಕೂರುವಂತೆ ಅಕ್ಷರ ಎಣಿಸಿ ಸಾಲು ಕತ್ತರಿಸಬೇಕು. ಗಂಟಲಾಳದ ಗರ್ಜನೆಗೆ ರಾಗದ ಏರಿಳಿತವಿಲ್ಲ. ಹಾಗಾಗಿ ಕ, ಟ, ರದಂಥ ಗಡಸು ವ್ಯಂಜನಗಳೇ ಲಯ ಹಿಡಿಯುತ್ತವೆ, ಉದ್ದ ಸ್ವರಗಳಲ್ಲಿ ಉಸಿರು ಹೊರಬೀಳುತ್ತದೆ. ಬಯಲಾಟದಲ್ಲಿ ರಾಕ್ಷಸ ಪಾತ್ರ ಅಬ್ಬರಿಸುತ್ತ ರಂಗಕ್ಕೆ ಬರುವುದನ್ನು ಕಂಡವರಿಗೆ ಇದು ತೀರಾ ಅಪರಿಚಿತವಲ್ಲ.

ವಸ್ತುವೋ, ಒಬ್ಬೊಬ್ಬರದು ಒಂದೊಂದು. ಇಂಗ್ಲೆಂಡಿನ ಕಾರ್ಕಸ್ ತಂಡ 1988ರ ಮೊದಲ ಆಲ್ಬಮ್ಮಿನಲ್ಲಿ ವೈದ್ಯಕೀಯ ಪದಗಳನ್ನೇ ಪೋಣಿಸಿತು. ಅಮೆರಿಕದ ಚಕ್ ಶುಲ್ಡಿನರ್ ತನ್ನ 'ಡೆತ್' ತಂಡಕ್ಕೆ ಮೊದಮೊದಲು ಹೆಣ, ರಕ್ತ ಎಂದೆಲ್ಲ ಬರೆದು, 1991ರ 'ಹ್ಯೂಮನ್' ಹೊತ್ತಿಗೆ ಮನುಷ್ಯನ ಒಳತೋಟಿಗೆ ಬಂದ. ನನಗೆ ಈ ಎರಡನೆಯ ಚಕ್ಕೇ ಇಷ್ಟ. ರಕ್ತ ಬೇಗ ಬೇಜಾರಾಗುತ್ತದೆ. ಸಿಂಗಪುರದ ರುದ್ರ ತಂಡ ವೇದಾಂತವನ್ನೇ ಹಾಡಿಗಿಳಿಸಿ, ನಡುನಡುವೆ ಸಂಸ್ಕೃತವನ್ನೂ ಗರ್ಜಿಸಿತು.

ನಮ್ಮ ಬೆಂಗಳೂರಿನ ಡೈಯಿಂಗ್ ಎಂಬ್ರೇಸ್ ತಂಡ ಹುಟ್ಟಿದ್ದು 1991ರಲ್ಲಿ. ಆಮೇಲೆ ಬಂದ ಇನ್ನರ್ ಸ್ಯಾಂಕ್ಟಮ್‌ನಂತೆ ಅವರೂ ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡ ಈ ಲಯಕ್ಕೆ ಒಗ್ಗುವುದಿಲ್ಲ ಎಂದರೆ ನಾನಂತೂ ಒಪ್ಪಲಾರೆ. ಒತ್ತಕ್ಷರಗಳಿಗೆ ನಮ್ಮಲ್ಲಿ ಬರವೇ? ರನ್ನನ ಗದಾಯುದ್ಧದಲ್ಲಿ ಭೀಮನ ಆರ್ಭಟ ಕೇಳಿ ದುರ್ಯೋಧನ ಕೊಳದಿಂದೆದ್ದು ಬರುವ ಭಾಗವನ್ನು ಗಟ್ಟಿಯಾಗಿ ಓದಿ ನೋಡಿ, ಗಿಟಾರ್ ಒಂದೇ ಕಡಿಮೆ.