ಅಕ್ಷರ ಬಾರದ ಈರಮ್ಮನ ಹನ್ನೆರಡು ಕಾವ್ಯ



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಹಾಡುಗಾರರ ಬಗ್ಗೆ ಬರೆಯಿರಿ ಎಂದು ಗುರುಗಳು ಹೇಳಿದಾಗ ನಮ್ಮ ತರಗತಿಯಲ್ಲಿ ಎಲ್ಲರೂ ಸಿನಿಮಾದವರ ಹೆಸರನ್ನೇ ಹೇಳಿದರು. ನಾನೂ ಹೇಳಿದ್ದೆ, ಸುಳ್ಳು ಯಾಕೆ ಹೇಳಲಿ. ಮನೆಗೆ ಹೋಗಿ ಅಜ್ಜಿಯನ್ನು ಕೇಳಿದರೆ, "ದರೋಜಿ ಈರಮ್ಮನ ಬಗ್ಗೆ ಬರಿ. ಹಾಡೂ ಆಕೆದೇ, ಹೆಣೆಯೋದೂ ಆಕೆದೇ" ಅಂದಳು. ಅಜ್ಜಿ ಹೇಳಿದ್ದು, ಗುರುಗಳು ಹೇಳಿದ್ದು ಎರಡನ್ನೂ ಸೇರಿಸಿ ಬರೆದಿದ್ದೇನೆ.

ದರೋಜಿ ನಮ್ಮ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಊರು. ಬಳ್ಳಾರಿಯಿಂದ ಹೊಸಪೇಟೆಗೆ ರೈಲಿನಲ್ಲಿ ಹೋದರೆ ನಡುವೆ ಸ್ಟೇಷನ್ ಸಿಗುತ್ತದೆ. ಕರಡಿಧಾಮ ಅಂದರೆ ಎಲ್ಲರಿಗೂ ಗೊತ್ತು. ಈರಮ್ಮ 1930ರಲ್ಲಿ ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯದಲ್ಲಿ ಹುಟ್ಟಿದರು. ಇವರು ಊರೂರು ತಿರುಗಿ ಕತೆ ಹಾಡುವವರು. ಜನ ಜೋಳವೋ ಭತ್ತವೋ ಕೊಡೋರು. ಅದನ್ನು ನೋಡಿ ಕೆಲವರು ಭಿಕ್ಷೆಯವರು ಅಂತಾರೆ. ನನ್ನ ಪ್ರಕಾರ ಅದು ತಪ್ಪು. ರಾತ್ರಿಯೆಲ್ಲಾ ಹಾಡಿ ತಗೊಂಡದ್ದು ಕೂಲಿ ಅಲ್ಲವೆ?

ಆ ಹಾಡಿಗೆ ಬುರ್ರಕಥೆ ಅಂತ ಹೆಸರು. ಮೂವರು ಬೇಕು. ನಡುವೆ ನಿಂತವರು ತಂಬೂರಿ ಮೀಟುತ್ತಾ ಕತೆ ಹೇಳುತ್ತಾರೆ. ಅಕ್ಕಪಕ್ಕದ ಇಬ್ಬರು ವಾದ್ಯ ಬಡಿಯುತ್ತಾ ಸೊಲ್ಲು ಹಿಡಿಯುತ್ತಾರೆ. ಈರಮ್ಮನ ಜೊತೆ ಮನೆಯವರೇ ಆದ ಶಿವಮ್ಮ, ಪಾರ್ವತಮ್ಮ ಇರುತ್ತಿದ್ದರು.

ಈರಮ್ಮನಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಆದರೆ ಹನ್ನೆರಡು ದೊಡ್ಡ ಕಾವ್ಯಗಳು ತಲೆಯಲ್ಲಿದ್ದವು. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ, ಜೈಸಿಂಗರಾಜ ಇವು ಅದರಲ್ಲಿ ಕೆಲವು. ಎಲ್ಲಾ ಅಚ್ಚು ಹಾಕಿದರೆ ಸುಮಾರು 7000 ಪುಟ ಆಗುತ್ತದಂತೆ. ನಮ್ಮ ಒಂದು ಪಠ್ಯಪುಸ್ತಕ 150 ಪುಟ ಅಂತ ಇಟ್ಟುಕೊಂಡರೂ 46 ಪುಸ್ತಕ ದಾಟುತ್ತದೆ! ನನಗೆ ಹದಿನಾರು ಸಾಲಿನ ಪದ್ಯ ಒಪ್ಪಿಸುವಾಗ ಒಂಬತ್ತನೇ ಸಾಲಿಗೆ ಮರೆತು ಹೋಯಿತು.

ಕುಮಾರರಾಮ ಬೇರೆ ದೇಶದವನಲ್ಲ, ಕುರುಗೋಡಿಗೆ ಹತ್ತಿರದ ಕಂಪ್ಲಿಯ ರಾಜ ಕಂಪಿಲರಾಯನ ಮಗ. ಒಂದು ದಿನ ಆಡುವಾಗ ಅವನ ಚೆಂಡು ಚಿಕ್ಕಮ್ಮ ರತ್ನಾಜಿಯ ಅರಮನೆಯಲ್ಲಿ ಬಿತ್ತು. ತರಲು ಹೋದ ರಾಮನ ಮೇಲೆ ಆಕೆ ಆಸೆಪಟ್ಟಳು. "ನೀನು ನನಗೆ ತಾಯಿ" ಅಂತ ಅವನು ಒಪ್ಪಲಿಲ್ಲ. ಆಕೆ ರಾಜನಿಗೆ ಸುಳ್ಳು ದೂರು ಹೇಳಿದಳು. ರಾಜ ಹಿಂದುಮುಂದು ವಿಚಾರಿಸದೆ ಮಗನ ತಲೆ ಕಡಿಯಿರಿ ಅಂದ. ಮಂತ್ರಿ ಬೈಚಪ್ಪ ಜಾಣ, ರಾಮನನ್ನು ಬಚ್ಚಿಟ್ಟ. ಮುಂದೆ ದಿಲ್ಲಿ ಸೈನ್ಯ ಬಂದಾಗ ಸತ್ತನೆಂದುಕೊಂಡ ರಾಮನೇ ಹೊರಗೆ ಬಂದು ಕಾದಾಡಿದ. ಕೊನೆಗೆ ಯುದ್ಧದಲ್ಲೇ ಮಡಿದ. ದಿಲ್ಲಿಯವರು ಕಂಪ್ಲಿ ರಾಜ್ಯ ಗೆದ್ದದ್ದು 1327ರ ಸುಮಾರಿಗೆ ಎಂದು ಇತಿಹಾಸದಲ್ಲಿದೆ. ಚೆಂಡಿನ ಕತೆ ಮಾತ್ರ ಹಾಡಿನಲ್ಲೇ ಉಳಿದದ್ದು.

ಇಷ್ಟೆಲ್ಲಾ ಬಾಯಿಪಾಠ ಹೇಗೆ ಸಾಧ್ಯ ಎಂದು ಗುರುಗಳನ್ನು ಕೇಳಿದೆ. ಅದು ಬಾಯಿಪಾಠ ಅಲ್ಲವೇ ಅಲ್ಲ ಅಂದರು. ಹಾಡುವವರಿಗೆ ಕತೆಯ ದಾರಿ ಗೊತ್ತಿರುತ್ತದೆ. ಕುದುರೆ ಹತ್ತುವುದು, ಕಾಗದ ಬರುವುದು, ತಾಯಿ ಅಳುವುದು, ಇಂಥವಕ್ಕೆ ಸಿದ್ಧ ಸಾಲುಗಳಿರುತ್ತವೆ. ಅವನ್ನು ರಾಗಕ್ಕೆ ಸೇರಿಸಿ ಅಲ್ಲೇ ಹೆಣೆಯುತ್ತಾರೆ. ಪಕ್ಕದವರು ಸೊಲ್ಲು ಹಿಡಿದಾಗ ಮುಂದಿನ ಸಾಲು ಯೋಚಿಸಲು ಸಮಯ ಸಿಗುತ್ತದೆ. ಜನ ಚೆನ್ನಾಗಿ ಕೇಳಿದರೆ ಕತೆ ಉದ್ದ ಆಗುತ್ತದೆ, ತೂಕಡಿಸಿದರೆ ಗಿಡ್ಡ ಆಗುತ್ತದೆ. ಆದ್ದರಿಂದ ಈರಮ್ಮ ಹಾಡುಗಾರ್ತಿಯೂ ಹೌದು, ಕವಿಯೂ ಹೌದು. ಯುರೋಪಿನ ಯುಗೊಸ್ಲಾವಿಯಾ ಎಂಬಲ್ಲಿ (ಈಗ ಆ ದೇಶ ಇಲ್ಲ) ಓದುಬರಹ ಬಾರದ ಅವ್ದೊ ಮೆಜೆದೊವಿಚ್ ಎಂಬ ರೈತ 1935ರಲ್ಲಿ 12,000ಕ್ಕೂ ಹೆಚ್ಚು ಸಾಲಿನ ಒಂದು ಕತೆಯನ್ನು ಹೀಗೇ ಹೇಳಿ ಬರೆಸಿದನಂತೆ.  

ಈರಮ್ಮನಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಬಂತು. 2014ರ ಆಗಸ್ಟ್ 12ರಂದು ತೀರಿಕೊಂಡರು. ಆಗ 84 ವರ್ಷ.

ನಮ್ಮಜ್ಜಿಗೂ ಕುಮಾರರಾಮನ ಹಾಡು ಸ್ವಲ್ಪ ಬರುತ್ತದೆ. ಸಣ್ಣವಳಿದ್ದಾಗ ಸುಗ್ಗಿ ಮುಗಿದ ಮೇಲೆ ಊರಿಗೆ ಬರ್ತಿದ್ದ ಬುರ್ರಕಥೆಯವರಿಂದ ಕೇಳಿದ್ದಂತೆ. ಬರೆದುಕೊಳ್ಳೋಣ ಅಂತ ನೋಟುಬುಕ್ಕು ಹಿಡಿದು ಕೂತೆ. "ಅಜ್ಜಿ, ತಡಿ, ನಿಧಾನ" ಅಂದರೆ ಆಕೆಗೆ ಸಾಲೇ ಮರೆತು ಹೋಗುತ್ತದೆ. "ನೀನು ಬರ್ಕೊಳ್ಳೋ ತನಕ ಹಾಡು ನಿಲ್ತೈತೇನೋ?" ಅಂತ ಬೈದಳು. ಮೂರು ದಿನಕ್ಕೆ ಒಂದೂವರೆ ಪುಟ ಆಗಿದೆ, ಚೆಂಡು ಇನ್ನೂ ಅರಮನೆಗೆ ಬಿದ್ದಿಲ್ಲ. ಈಗ ಅವ್ವನ ಫೋನಿನಲ್ಲಿ ಹಾಡು ಹಿಡಿದುಕೊಂಡು ಆಮೇಲೆ ಬರೆಯುತ್ತಿದ್ದೇನೆ. ಚೆಂಡು ಬಿದ್ದ ಮೇಲಿನ ಭಾಗ ಅಜ್ಜಿಗೆ ಸರಿಯಾಗಿ ನೆನಪಿಲ್ಲ. ನಿಮ್ಮ ಮನೆಯಲ್ಲಿ, ಸಿರುಗುಪ್ಪ ಕಡೆ ನೆಂಟರ ಮನೆಯಲ್ಲಿ ಯಾರಿಗಾದರೂ ಬರುತ್ತಿದ್ದರೆ ನನಗೆ ಹೇಳ್ರಿ. ಏಳನೇ ತರಗತಿ, ಕಿಟಕಿ ಪಕ್ಕದ ಎರಡನೇ ಸಾಲು.