ಅಪ್ಪನಿಗೆ ಕೊಟ್ಟ ಮಾತು, ಶನಿವಾರದ ಹಾಡು

ಅಮೆರಿಕದ ವರ್ಜೀನಿಯಾ ರಾಜ್ಯ ನೈಋತ್ಯಕ್ಕೆ ಕಿರಿದಾಗುತ್ತ ಹೋಗಿ ಟೆನೆಸಿಗೆ ತಾಗುವ ಕಡೆ ಕ್ಲಿಂಚ್ ಎಂಬ ಉದ್ದನೆಯ ಬೆಟ್ಟಸಾಲಿದೆ. ಅದರ ಬುಡದ ಪೂರ್ ವ್ಯಾಲಿ ಎಂಬ ಕಣಿವೆಯಲ್ಲಿ, ಹಿಲ್ಟನ್ಸ್ ಊರಿನಿಂದ ಮೂರು ಮೈಲಿ ಒಳಗೆ, ಇಳಿಜಾರಿಗೆ ಒರಗಿಸಿ ಕಟ್ಟಿದ ಮರದ ಸಭಾಂಗಣವೊಂದಿದೆ. ಹೆಸರು ಕಾರ್ಟರ್ ಫ್ಯಾಮಿಲಿ ಫೋಲ್ಡ್. ಶನಿವಾರ ಸಂಜೆ ಏಳೂವರೆಗೆ ಇಲ್ಲಿ ಹಾಡು ಶುರು. ಫಿಡಲ್, ಬ್ಯಾಂಜೊ, ಗಿಟಾರ್, ಮ್ಯಾಂಡೊಲಿನ್, ಆಳೆತ್ತರದ ಬೇಸ್, ಇಷ್ಟೇ ವಾದ್ಯಗಳು. ಕರೆಂಟಿನ ಗಿಟಾರಿಗೆ ವೇದಿಕೆಯ ಮೇಲೆ ಜಾಗವಿಲ್ಲ. ಮದ್ಯ ಆವರಣದೊಳಕ್ಕೇ ಬರುವಂತಿಲ್ಲ. 1970ರ ದಶಕದಿಂದ ನಡೆದುಬಂದ ಪದ್ಧತಿ ಇದು.

ತೀರಿಹೋದ ಗಾಯಕರಿಗೆ ಗೌರವ ಸಲ್ಲಿಸುವ ಟ್ರಿಬ್ಯೂಟ್ ಶೋಗಳು ಅಮೆರಿಕದಲ್ಲಿ ದೊಡ್ಡ ಉದ್ಯಮ. ಎಲ್ವಿಸ್ ಪ್ರೀಸ್ಲಿಯ ಹೊಳೆಯುವ ಅಂಗಿ, ಪ್ಯಾಟ್ಸಿ ಕ್ಲೈನಳ ಕೌಬಾಯ್ ಉಡುಪು, ಜಾನಿ ಕ್ಯಾಶ್‌ನ ಕಪ್ಪು ಕೋಟು ತೊಟ್ಟು, ಅವರದೇ ದನಿ ತೆಗೆದು ಹಾಡುವವರು ಬಹಳ ಮಂದಿ. ಮಿಸೌರಿಯ ಬ್ರ್ಯಾನ್ಸನ್ ಎಂಬ ಸಣ್ಣ ಪಟ್ಟಣದಲ್ಲಂತೂ ಒಂದೇ ರಸ್ತೆಯ ಉದ್ದಕ್ಕೂ ಇಂಥ ಥಿಯೇಟರುಗಳಿವೆ. ಅವುಗಳಲ್ಲಿ ಮನಸ್ಸಿಟ್ಟು ಮಾಡುವವರೂ ಇದ್ದಾರೆ. ಪೂರ್ ವ್ಯಾಲಿಯ ದಾರಿ ಬೇರೆ. ಇಲ್ಲಿ ಯಾರೂ ಯಾರ ವೇಷವನ್ನೂ ಹಾಕುವುದಿಲ್ಲ. ಅಮೆರಿಕದ ಕಂಟ್ರಿ ಸಂಗೀತದ ಮೊದಮೊದಲ ಹಾಡುಗಾರರಾದ ಕಾರ್ಟರ್ ಕುಟುಂಬ ಹುಟ್ಟಿ ಬೆಳೆದ ಮಣ್ಣಿನಲ್ಲೇ, ಅವರು ನುಡಿಸುತ್ತಿದ್ದ ಬಗೆಯನ್ನು ಇವತ್ತಿನವರ ಕೈಯಲ್ಲಿ ನಡೆಸಿಕೊಂಡು ಹೋಗುತ್ತಾರೆ. ನನ್ನ ಮಟ್ಟಿಗೆ ಹಿರಿಯ ಕಲಾವಿದರಿಗೆ ಇದಕ್ಕಿಂತ ನಿಜವಾದ ಗೌರವ ಇನ್ನೊಂದಿಲ್ಲ.

ವಾಷಿಂಗ್ಟನ್ ಕಡೆಯಿಂದ ಬ್ರಿಸ್ಟಲ್ ಪಟ್ಟಣಕ್ಕೆ ಕಾರಿನಲ್ಲಿ ಒಂದು ಹಗಲಿನ ದಾರಿ, 370 ಮೈಲಿಯ ಆಸುಪಾಸು. 66ನೇ ಹೆದ್ದಾರಿ ಮುಗಿದು 81 ಸಿಕ್ಕುವಲ್ಲಿ ಮೈಲಿಯ ಲೆಕ್ಕ 300. ಅಲ್ಲಿಂದ ಅದು ಇಳಿಯುತ್ತ ಇಳಿಯುತ್ತ ಟೆನೆಸಿ ಗಡಿಯಲ್ಲಿ ಸೊನ್ನೆಗೆ ಬರುತ್ತದೆ. ಎಡಕ್ಕೆ ಬ್ಲೂ ರಿಜ್ ಬೆಟ್ಟಗಳು, ಬಲಕ್ಕೆ ಆಲಿಗೇನಿ ಸಾಲು, ನಡುವೆ ಶೆನಂಡೋವಾ ಕಣಿವೆಯ ಹುಲ್ಲುಗಾವಲು. ಲಾರಿಗಳ ಓಡಾಟ ವಿಪರೀತ. ಸ್ಟೇಟ್ಲರ್ ಬ್ರದರ್ಸ್ ಗಾಯಕರ ಊರು ಸ್ಟಾಂಟನ್ ದಾಟಿ, ರೋನೋಕ್ ದಾಟಿದ ಮೇಲೆ ಹೆದ್ದಾರಿಯನ್ನೇ ಹಿಡಿದು ಹೋಗುವುದಕ್ಕಿಂತ ಎಡಕ್ಕೆ ತಿರುಗುವುದು ಮೇಲು. ಬೆಟ್ಟದ ಸಂಗೀತದ ಊರುಗಳನ್ನೆಲ್ಲ ಪೋಣಿಸುವ ‘ಕ್ರೂಕೆಡ್ ರೋಡ್’ ಎಂಬ ದಾರಿಯನ್ನು ವರ್ಜೀನಿಯಾ 2004ರಲ್ಲಿ ಗುರುತಿಸಿತು. 300 ಮೈಲಿಗೂ ಮೀರಿದ ಈ ಅಂಕುಡೊಂಕು ರಸ್ತೆಯ ಮೇಲೆ ಫ್ಲಾಯ್ಡ್ ಎಂಬ ಊರಿದೆ. ಅಲ್ಲಿನ ಹಳೆಯ ದಿನಸಿ ಅಂಗಡಿಯಲ್ಲಿ ಶುಕ್ರವಾರ ರಾತ್ರಿ ಫಿಡಲ್ ಕಛೇರಿ, ಅದರ ಮುಂದೆ ಕುಣಿತ. ಮುಂದಿನದು ಗೇಲಾಕ್ಸ್. 1935ರಲ್ಲಿ ಶುರುವಾದ ಫಿಡಲ್‌ಗಾರರ ಸ್ಪರ್ಧೆ ಆ ಊರಿನಲ್ಲಿ ಇವತ್ತಿಗೂ ಆಗಸ್ಟ್ ತಿಂಗಳ ಹಬ್ಬ. ಶುಕ್ರವಾರ ಫ್ಲಾಯ್ಡ್, ಶನಿವಾರ ಮಧ್ಯಾಹ್ನ ಬ್ರಿಸ್ಟಲ್, ಸಂಜೆ ಹಿಲ್ಟನ್ಸ್ ಎಂದು ಇಟ್ಟುಕೊಂಡರೆ ಪಯಣ ಸರಿಹೊಂದುತ್ತದೆ.

ಬ್ರಿಸ್ಟಲ್‌ನಲ್ಲಿ ಇಳಿಯದೆ ಮುಂದೆ ಹೋಗಬಾರದು. ಊರಿನ ಪೇಟೆಬೀದಿಯಾದ ಸ್ಟೇಟ್ ಸ್ಟ್ರೀಟಿನ ನಟ್ಟನಡುವೆ ರಾಜ್ಯದ ಗಡಿ ಹಾದುಹೋಗುತ್ತದೆ. ಈ ಬದಿಯ ಅಂಗಡಿ ವರ್ಜೀನಿಯಾ, ಆ ಬದಿಯದು ಟೆನೆಸಿ. ಟೆನೆಸಿ ಬದಿಯಲ್ಲಿ ಹಿಂದೆ ಟೋಪಿ ಕಂಪನಿಯೊಂದರ ಕಟ್ಟಡವಿತ್ತು. 1927ರ ಜುಲೈ ಕೊನೆಯಲ್ಲಿ ವಿಕ್ಟರ್ ರೆಕಾರ್ಡ್ ಕಂಪನಿಯ ಪರವಾಗಿ ರಾಲ್ಫ್ ಪೀರ್ ಎಂಬಾತ ಅಲ್ಲಿ ಧ್ವನಿಮುದ್ರಣದ ಯಂತ್ರ ಹೂಡಿದ. ಆಗಸ್ಟ್ 5ರೊಳಗೆ 19 ತಂಡಗಳಿಂದ 76 ಹಾಡು ದಾಖಲಾದವು. ಅಷ್ಟು ದಿನ ಗುಡ್ಡಗಾಡಿನವರ ಜಗಲಿಯಲ್ಲಿ, ಚರ್ಚಿನಲ್ಲಿ, ಕುಣಿತದ ಮನೆಯಲ್ಲಿ ಇದ್ದ ಸಂಗೀತ ಕಂಟ್ರಿ ಎಂಬ ದೊಡ್ಡ ವ್ಯಾಪಾರವಾಗಿ ಬೆಳೆದದ್ದಕ್ಕೆ ಈ ಎರಡು ವಾರಗಳ ಕೆಲಸ ದೊಡ್ಡ ಕಾರಣ. ಅದಕ್ಕೇ ಅಮೆರಿಕದ ಕಾಂಗ್ರೆಸ್ 1998ರಲ್ಲಿ ಬ್ರಿಸ್ಟಲ್ ಅನ್ನು ಕಂಟ್ರಿ ಸಂಗೀತದ ಜನ್ಮಸ್ಥಳವೆಂದು ಮಾನ್ಯ ಮಾಡಿತು. 2014ರಲ್ಲಿ ತೆರೆದ ಇಲ್ಲಿನ ಮ್ಯೂಸಿಯಂಗೆ ಎರಡು ಗಂಟೆಯಾದರೂ ಕೊಡಬೇಕು.

ಪೀರ್ ತಂದದ್ದು ಆಗಿನ್ನೂ ಹೊಸದಾದ ವಿದ್ಯುತ್ ಮೈಕು. ಅದಕ್ಕೆ ಹಿಂದೆ ದೊಡ್ಡ ಕಹಳೆಯಂಥ ಕೊಳವೆಗೆ ಮುಖವಿಟ್ಟು ಕೂಗಿ ಹಾಡಬೇಕಿತ್ತು, ಗಿಟಾರಿನ ಸಣ್ಣ ನಾದ ಅದರಲ್ಲಿ ನಿಲ್ಲುತ್ತಲೇ ಇರಲಿಲ್ಲ. ಮನೆಯೊಳಗೆ ಕೂತು ಹಾಡಿದಂತೆ ಹಾಡುವವರ ದನಿಯೂ ಲೋಕಕ್ಕೆ ಕೇಳಬಲ್ಲದು ಎಂದಾದದ್ದು ಈ ಮೈಕಿನಿಂದ. ಅಂಥ ದನಿಯವರೇ ಪೂರ್ ವ್ಯಾಲಿಯಿಂದ ಬಂದ ಮೂವರು.

ಆಲ್ವಿನ್ ಪ್ಲೆಸೆಂಟ್ ಕಾರ್ಟರ್, ಎಲ್ಲರ ಬಾಯಲ್ಲಿ ಎ.ಪಿ., ಹಣ್ಣಿನ ಸಸಿ ಮಾರುತ್ತ ಊರೂರು ತಿರುಗುತ್ತಿದ್ದವನು. ಹಾಗೆ ತಿರುಗುವಾಗಲೇ ಕ್ಲಿಂಚ್ ಬೆಟ್ಟದ ಆಚೆ ಸೇರಾ ಎಂಬ ಹುಡುಗಿ ಹಾಡುವುದನ್ನು ಕೇಳಿ ಮನಸೋತ. 1915ರಲ್ಲಿ ಮದುವೆಯಾಯಿತು. ಸೇರಾ ನುಡಿಸುತ್ತಿದ್ದದ್ದು ಆಟೋಹಾರ್ಪ್. ನಮ್ಮ ಸ್ವರಮಂಡಲದ ಹಾಗೆ ತೊಡೆಯ ಮೇಲಿಟ್ಟು ಮೀಟುವ ವಾದ್ಯ ಅದು, ಬೇಕಾದ ಸ್ವರಗುಚ್ಛಕ್ಕೆ ಒಂದೊಂದು ಪಟ್ಟಿ ಒತ್ತಿದರೆ ಸಾಕು. ಮೂರನೆಯವಳು ಸೇರಾಳ ಚಿಕ್ಕ ವಯಸ್ಸಿನ ಕಸಿನ್ ಮೇಬೆಲ್. ಎ.ಪಿ.ಯ ತಮ್ಮ ಎಜ್ರಾನನ್ನು ಮದುವೆಯಾಗಿ ಅವಳು ಸೇರಾಳಿಗೆ ಓರಗಿತ್ತಿಯೂ ಆದಳು. ಬ್ರಿಸ್ಟಲ್‌ಗೆ ಹೊರಟಾಗ ಅವಳಿಗೆ ಹದಿನೆಂಟು ವರ್ಷ, ತುಂಬು ಗರ್ಭಿಣಿ. ಸೇರಾಳ ಕಂಕುಳಲ್ಲಿ ಎಳೆಗೂಸು ಜೋ. ಅದನ್ನು ಆಡಿಸಿಕೊಳ್ಳಲೆಂದು ಹಿರಿಮಗಳು ಗ್ಲ್ಯಾಡಿಸ್ ಕೂಡ ಜೊತೆಗೆ. ಎಜ್ರಾನ ಕಾರು ಎರವಲು ಪಡೆದು, ಮಣ್ಣು ರಸ್ತೆಯಲ್ಲಿ, ಹೊಳೆಯ ನೀರಿಗೆ ಕಾರಿಳಿಸಿ ದಾಟಿ, ಪಂಕ್ಚರಾದ ಟೈರಿಗೆ ತೇಪೆ ಹಾಕಿಕೊಳ್ಳುತ್ತ ಅವರು ಊರು ಮುಟ್ಟಿದರು. ಇವತ್ತು 58ನೇ ಹೆದ್ದಾರಿಯಲ್ಲಿ ಅರ್ಧ ಗಂಟೆಯಲ್ಲಿ ಮುಗಿದುಹೋಗುವ ದೂರ. ಆಗಸ್ಟ್ 1 ಮತ್ತು 2ರಂದು ಆರು ಹಾಡು ಹಾಡಿದರು. ಹಾಡಿಗೆ ಐವತ್ತು ಡಾಲರ್. ಪೂರ್ ವ್ಯಾಲಿಯ ರೈತರು ಒಂದೇ ಸಲಕ್ಕೆ ಕಾಣುವ ದುಡ್ಡಾಗಿರಲಿಲ್ಲ ಅದು.

ಮೇಬೆಲ್‌ಳ ಬೆರಳಿನ ಬಗ್ಗೆ ಹೇಳದಿದ್ದರೆ ಈ ಸಂಗೀತದ ಬಗ್ಗೆ ಹೇಳಿದಂತಾಗುವುದಿಲ್ಲ. ಆಗ ಗಿಟಾರು ಹಿಂದೆ ಕೂತು ಲಯ ಹಿಡಿಯುವ ವಾದ್ಯ. ರಾಗವೇನಿದ್ದರೂ ಫಿಡಲಿನದು, ಬ್ಯಾಂಜೊದ್ದು. ಮೇಬೆಲ್ ಹೆಬ್ಬೆರಳಿನಿಂದ ಕೆಳದನಿಯ ದಪ್ಪ ತಂತಿಗಳ ಮೇಲೆ ಹಾಡಿನ ರಾಗವನ್ನು ಮೀಟಿದಳು, ಅದೇ ಹೊತ್ತಿಗೆ ತೋರುಬೆರಳಿನಿಂದ ತೆಳು ತಂತಿಗಳನ್ನು ಸವರಿ ಲಯ ಕೊಟ್ಟಳು. ಒಂದೇ ಗಿಟಾರು ಇಬ್ಬರ ಕೆಲಸ ಮಾಡಿತು. ‘ಕಾರ್ಟರ್ ಸ್ಕ್ರ್ಯಾಚ್’ ಎಂದು ಹೆಸರಾದ ಈ ಬಗೆಯನ್ನು 1928ರಲ್ಲಿ ಮುದ್ರಿಸಿದ ‘ವೈಲ್ಡ್‌ವುಡ್ ಫ್ಲವರ್’ನಲ್ಲಿ ಕೇಳಬಹುದು. ಅಮೆರಿಕದಲ್ಲಿ ಗಿಟಾರ್ ಕಲಿಯುವವರು ಇವತ್ತಿಗೂ ಇದನ್ನು ದಾಟಿಯೇ ಮುಂದೆ ಹೋಗುತ್ತಾರೆ. ಆಕೆ ನುಡಿಸಿದ ಗಿಬ್ಸನ್ ಎಲ್-5 ಗಿಟಾರು ಈಗ ನ್ಯಾಶ್‌ವಿಲ್‌ನ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ನಲ್ಲಿದೆ.

ಕಾರ್ಟರ್ ಕುಟುಂಬದ ಕಥೆ ಹೇಳುವವರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುವ ಹೆಸರು ಲೆಸ್ಲಿ ರಿಡಲ್. ನಾರ್ತ್ ಕ್ಯಾರೊಲೈನಾದ ಬರ್ನ್ಸ್‌ವಿಲ್‌ನಲ್ಲಿ ಹುಟ್ಟಿದ ಕಪ್ಪು ಜನಾಂಗದ ಗಿಟಾರ್‌ವಾದಕ. ಸಿಮೆಂಟು ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದರು. ಹಾಡು ಮುಗಿದಂತೆಲ್ಲ ಎ.ಪಿ. ಹೊಸ ಹಾಡು ಹುಡುಕಿಕೊಂಡು ಬೆಟ್ಟದ ಮನೆಮನೆಗೆ ಹೋಗುತ್ತಿದ್ದ. ಆ ತಿರುಗಾಟಗಳಲ್ಲಿ ರಿಡಲ್ ಜೊತೆಗಾರ. ಎ.ಪಿ. ಕಾಗದದ ಮೇಲೆ ಪದ ಬರೆದುಕೊಳ್ಳುವನು, ರಿಡಲ್ ಮಟ್ಟನ್ನು ತಲೆಯಲ್ಲಿ ತುಂಬಿಕೊಂಡು ಬಂದು ಸೇರಾ, ಮೇಬೆಲ್‌ಗೆ ನುಡಿಸಿ ತೋರಿಸುವರು. ಮೇಬೆಲ್‌ಳ ಬೆರಳಿನಲ್ಲೂ ರಿಡಲ್ ಕಲಿಸಿದ ಪಾಠವಿದೆ. ಆದರೆ ಹಾಗೆ ಕಲೆಹಾಕಿದ ಹಾಡುಗಳ ಹಕ್ಕು ದಾಖಲಾದದ್ದು ಎ.ಪಿ. ಕಾರ್ಟರ್ ಹೆಸರಿಗೆ. ಬಿಳಿಯರು ಕಪ್ಪುಜನರು ಒಂದೇ ಮೇಜಿಗೆ ಕೂರಲು ಕಾನೂನೇ ಅಡ್ಡಬರುತ್ತಿದ್ದ ಕಾಲದಲ್ಲಿ ಕಾರ್ಟರ್ ಮನೆಯಲ್ಲಿ ರಿಡಲ್ ವಾರಗಟ್ಟಲೆ ತಂಗುತ್ತಿದ್ದರು ಎನ್ನುವುದು ದೊಡ್ಡ ಮಾತೇ. ಆದರೂ ಹಾಡಿನ ಪಾಲು ಅವರಿಗೆ ಸಿಗಲಿಲ್ಲ. 1960ರ ದಶಕದಲ್ಲಿ ಮೈಕ್ ಸೀಗರ್ ಎಂಬ ಸಂಗೀತಗಾರ ಹುಡುಕಿಕೊಂಡು ಹೋಗಿ ಅವರ ನುಡಿಸಾಣಿಕೆಯನ್ನು ಧ್ವನಿಮುದ್ರಿಸಿದ್ದರಿಂದ ಅಷ್ಟಾದರೂ ಉಳಿದಿದೆ. ಕಾರ್ಟರ್ ಹೆಸರಿನಲ್ಲಿ ಎಲ್ಲೇ ಗೌರವ ಸಂದರೂ ಅದರಲ್ಲಿ ರಿಡಲ್ ಅವರ ಹೆಸರು ಗಟ್ಟಿಯಾಗಿ ಕೇಳಬೇಕು.

ಹಾಡಿನಿಂದ ಹೆಸರು ಬಂತು, ಮನೆ ಮಾತ್ರ ಒಡೆಯಿತು. ತಿಂಗಳಾನುಗಟ್ಟಲೆ ಹಾಡು ಹುಡುಕುತ್ತ ಮನೆಬಿಟ್ಟಿರುತ್ತಿದ್ದ ಗಂಡನಿಂದ ಸೇರಾ 1933ರಲ್ಲಿ ದೂರವಾದಳು, 1936ರಲ್ಲಿ ವಿಚ್ಛೇದನವಾಯಿತು. ಆಮೇಲೂ ಮೂವರು ಒಟ್ಟಿಗೆ ನಿಂತು ಹಾಡಿದರು ಎಂಬುದನ್ನು ಓದುವಾಗ ನನಗೆ ಸೇರಾಳ ಮೇಲೆ ಅಪಾರ ಗೌರವ ಬರುತ್ತದೆ. ದಶಕದ ಕೊನೆಯಲ್ಲಿ ಮೆಕ್ಸಿಕೋ ಗಡಿಯ ಎಕ್ಸ್‌ಇಆರ್‌ಎ ರೇಡಿಯೋ ಕೇಂದ್ರದಿಂದ ಅವರ ಹಾಡು ಅಮೆರಿಕದ ಉದ್ದಗಲಕ್ಕೂ ಕೇಳಿತು. ಅಮೆರಿಕದ ಕಾನೂನಿಗೆ ನಿಲುಕದ ಆ ಕೇಂದ್ರದ ಪ್ರಸಾರ ಅಷ್ಟು ಬಲವಾಗಿತ್ತು. ಸೇರಾ ಮರುಮದುವೆಯಾಗಿ ಕ್ಯಾಲಿಫೋರ್ನಿಯಾ ಸೇರಿದಳು. 1943ರಲ್ಲಿ ತಂಡ ಮುಗಿಯಿತು. ಮೇಬೆಲ್ ತನ್ನ ಮೂವರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹಾಡು ಮುಂದುವರಿಸಿದಳು. ನಡುವಿನ ಮಗಳು ಜೂನ್ ಮುಂದೆ ಜಾನಿ ಕ್ಯಾಶ್‌ನ ಹೆಂಡತಿ. ಎ.ಪಿ. ಮಾತ್ರ ಪೂರ್ ವ್ಯಾಲಿಗೆ ಮರಳಿ ರಸ್ತೆಬದಿಯಲ್ಲಿ ದಿನಸಿ ಅಂಗಡಿ ಇಟ್ಟ. 1960ರಲ್ಲಿ ತೀರಿಕೊಂಡಾಗ ಆತನನ್ನು ಹೊರಗಿನ ಲೋಕ ಹೆಚ್ಚುಕಡಿಮೆ ಮರೆತಿತ್ತು. ಹತ್ತು ವರ್ಷದ ಬಳಿಕ, 1970ರಲ್ಲಿ, ಕಾರ್ಟರ್ ಕುಟುಂಬ ಹಾಲ್ ಆಫ್ ಫೇಮ್‌ಗೆ ಸೇರಿತು.

ಸಾಯುವ ಮುನ್ನ ಎ.ಪಿ. ಮಗಳು ಜೆನೆಟ್‌ಳಿಂದ ಮಾತು ತೆಗೆದುಕೊಂಡಿದ್ದ, ಈ ಸಂಗೀತ ನಿಲ್ಲಬಾರದು ಎಂದು. ಶಾಲೆಯೊಂದರಲ್ಲಿ ಅಡುಗೆ ಕೆಲಸ ಮಾಡಿಕೊಂಡಿದ್ದ ಹೆಣ್ಣುಮಗಳು ಆಕೆ. ಹಿಂದೆ ಹಣವಿಲ್ಲ, ಕಂಪನಿಯಿಲ್ಲ. 1974ರಲ್ಲಿ ಅಪ್ಪನ ಅಂಗಡಿಯನ್ನೇ ಗುಡಿಸಿ ಶನಿವಾರದ ಹಾಡು ಶುರು ಮಾಡಿದಳು. ಜನ ಅಂಗಡಿ ಮೀರಿ ಹೊರಗೆ ನಿಂತರು. ಆಗ ತಮ್ಮ ಜೋ, ಬ್ರಿಸ್ಟಲ್‌ಗೆ ಹೋದಾಗ ಕೂಸಾಗಿದ್ದವನೇ, ಪಕ್ಕದ ಇಳಿಜಾರಿನಲ್ಲಿ ಹಳೆಯ ರೈಲ್ವೆ ಮರದ ದಿಮ್ಮಿಗಳನ್ನೂ ಶಾಲಾ ಬಸ್ಸಿನ ಹಳೆಯ ಸೀಟುಗಳನ್ನೂ ಬಳಸಿ ಈ ಸಭಾಂಗಣ ಕಟ್ಟಿದ. ಅದು 1976. ಅಂಗಡಿ ಈಗ ಮ್ಯೂಸಿಯಂ. ಎ.ಪಿ. ಹುಟ್ಟಿದ ಮರದ ಮನೆಯನ್ನೂ ತಂದು ಇದೇ ಆವರಣದಲ್ಲಿ ನಿಲ್ಲಿಸಿದ್ದಾರೆ. 2005ರಲ್ಲಿ ದೇಶದ ಹೆರಿಟೇಜ್ ಫೆಲೋಶಿಪ್ ಗೌರವ ಪಡೆದ ಜೆನೆಟ್ ಮರುವರ್ಷದ ಜನವರಿಯಲ್ಲಿ ತೀರಿಕೊಂಡಳು. ಅವಳ ನಂತರ ಮಗಳು ರೀಟಾ ಫಾರೆಸ್ಟರ್ ಈ ಕೆಲಸವನ್ನು ಕೈಗೆತ್ತಿಕೊಂಡರು.

ಸಂಜೆಯ ಹೊತ್ತಿಗೆ ಅಲ್ಲಿಗೆ ಹೋದವರಿಗೆ ಮೊದಲು ಕಾಣುವುದು ವೇದಿಕೆಗಿಂತ ಅದರ ಮುಂದಿನ ಬಯಲು ನೆಲ. ಫಿಡಲಿನ ಮೊದಲ ಎಳೆತಕ್ಕೇ ಜನ ಎದ್ದು ಅಲ್ಲಿಗೆ ಇಳಿಯುತ್ತಾರೆ. ಬೂಟಿನ ಅಡಿಗೆ ಲೋಹದ ಬಿಲ್ಲೆ ಬಡಿಸಿಕೊಂಡು ಬಂದವರ ಹೆಜ್ಜೆ ಟಕಟಕನೆ ತಾಳ ಹಾಕುತ್ತದೆ. ಮೈ ಹೆಚ್ಚು ಅಲುಗದೆ ಪಾದವಷ್ಟೇ ಮಾತಾಡುವ ಈ ಕುಣಿತಕ್ಕೆ ಫ್ಲ್ಯಾಟ್‌ಫುಟ್ ಎನ್ನುತ್ತಾರೆ. ಕಾಲೆತ್ತಿ ಜೋರಾಗಿ ಕುಣಿಯುವುದು ಕ್ಲಾಗಿಂಗ್. ಎಂಬತ್ತರ ಅಜ್ಜನ ಪಕ್ಕದಲ್ಲಿ ಏಳೆಂಟರ ಹುಡುಗಿ ಅವನ ಹೆಜ್ಜೆ ನೋಡಿಕೊಂಡು ಹೆಜ್ಜೆ ಹಾಕುತ್ತಿರುತ್ತಾಳೆ. ಪಾಠ ನಡೆಯುವುದೇ ಹೀಗೆ. ಮದ್ಯ ಬೇಡವೆಂದ ಜೆನೆಟ್‌ಳ ಕಟ್ಟಳೆಯ ಫಲವನ್ನು ಇಲ್ಲೇ ಕಾಣಬಹುದು, ಮನೆಮಂದಿಯೆಲ್ಲ ಮಕ್ಕಳನ್ನು ಕರೆದುಕೊಂಡು ನಿಶ್ಚಿಂತೆಯಿಂದ ಬರುತ್ತಾರೆ.

ಕರೆಂಟಿನ ವಾದ್ಯ ಬೇಡವೆಂಬ ಕಟ್ಟಳೆಗೆ ಒಬ್ಬನೇ ಒಬ್ಬನಿಗೆ ವಿನಾಯಿತಿ ಇತ್ತು. ಅದು ಮನೆಯ ಅಳಿಯ ಜಾನಿ ಕ್ಯಾಶ್‌ಗೆ. ದೇಶದ ದೊಡ್ಡ ದೊಡ್ಡ ಸಭಾಂಗಣಗಳನ್ನು ತುಂಬಿಸುತ್ತಿದ್ದ ಆತ ಈ ಬೆಟ್ಟದ ಬುಡಕ್ಕೆ ಮತ್ತೆ ಮತ್ತೆ ಬಂದು ಹಾಡಿದ. 2003ರ ಮೇ 15ರಂದು ಜೂನ್ ತೀರಿಕೊಂಡಳು. ಏಳು ವಾರದ ಮೇಲೆ, ಜುಲೈ 5ರಂದು, ಕಾಯಿಲೆಯಿಂದ ಕುಗ್ಗಿಹೋಗಿದ್ದ ಕ್ಯಾಶ್‌ನನ್ನು ಹಿಡಿದು ನಡೆಸಿ ಇದೇ ವೇದಿಕೆಗೆ ತಂದರು. ಹೆಂಡತಿಯ ತವರಿನಲ್ಲಿ ಕೂತು ಅವಳನ್ನು ನೆನೆದು ಹಾಡಿದ. ಅದೇ ಆತನ ಕೊನೆಯ ಸಾರ್ವಜನಿಕ ಹಾಡು. ಸೆಪ್ಟೆಂಬರ್ 12ರಂದು ಆತನೂ ಹೋದ.

ಅಲ್ಲೇ ಹತ್ತಿರದ ಮೌಂಟ್ ವರ್ನನ್ ಚರ್ಚಿನ ಸ್ಮಶಾನದಲ್ಲಿ ಎ.ಪಿ. ಮತ್ತು ಸೇರಾ ಇಬ್ಬರ ಸಮಾಧಿಗಳಿವೆ. ಬದುಕಿನಲ್ಲಿ ಬೇರೆಯಾದ ಇಬ್ಬರ ಕಲ್ಲಿನ ಮೇಲೂ ಒಂದೊಂದು ಗ್ರಾಮಫೋನ್ ರೆಕಾರ್ಡಿನ ಚಿತ್ರ, ಅದರ ಮೇಲೆ ಒಂದೇ ಹಾಡಿನ ಹೆಸರು, ‘ಕೀಪ್ ಆನ್ ದ ಸನ್ನಿ ಸೈಡ್’. ಬೆಳಕಿರುವಾಗಲೇ ನೋಡಿಬಿಡಿ.

ಹೋಗುವವರಿಗೆ ಒಂದೆರಡು ಮಾತು. ಮುಖ್ಯ ಕಛೇರಿ ನಡೆಯುವುದು ಶನಿವಾರ, ಹಾಗಾಗಿ ಪ್ರವಾಸವನ್ನು ಆ ದಿನಕ್ಕೇ ಹೊಂದಿಸಿಕೊಳ್ಳಿ. ಆಗಸ್ಟ್ ಮೊದಲ ವಾರಾಂತ್ಯದಲ್ಲಿ ವಾರ್ಷಿಕ ಉತ್ಸವವಿರುತ್ತದೆ. ಸಸ್ಯಾಹಾರಿಗಳು ಊಟ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಈ ಕಡೆಯ ಹೆಸರಾಂತ ಸೂಪ್ ಬೀನ್ಸ್ ಬರೀ ಕಾಳಿನದೆಂದು ನಂಬಬೇಡಿ, ಹಂದಿಮಾಂಸದ ತುಂಡು ಹಾಕಿ ಬೇಯಿಸುವುದು ರೂಢಿ. ವಾಪಸು ಬರುವಾಗ ಬೆಟ್ಟದ ರಸ್ತೆ ಕತ್ತಲಾಗಿರುತ್ತದೆ, ಬ್ರಿಸ್ಟಲ್‌ನಲ್ಲೇ ರೂಮು ಹಿಡಿದುಕೊಳ್ಳಿ. ವರ್ಜೀನಿಯಾ, ನಾರ್ತ್ ಕ್ಯಾರೊಲೈನಾ ಕಡೆ ಮಕ್ಕಳ ಮನೆಗೆಂದು ಹೋಗಿ ತಿಂಗಳುಗಟ್ಟಲೆ ಇರುವ ತಂದೆತಾಯಂದಿರು ನಮ್ಮಲ್ಲಿ ಈಗ ಬಹಳ ಮಂದಿ ಇದ್ದಾರೆ. ನಯಾಗರ, ನ್ಯೂಯಾರ್ಕ್ ನೋಡಿ ಮುಗಿದಿದ್ದರೆ ಮಕ್ಕಳಿಗೆ ಹೇಳಿ ಒಂದು ಶನಿವಾರವನ್ನು ಹಿಲ್ಟನ್ಸ್‌ಗೆ ಎತ್ತಿಡಿ. ಟಿಕೆಟ್ ದುಡ್ಡು ಆ ಸಭಾಂಗಣವನ್ನು ನಡೆಸುವುದಕ್ಕೇ ಹೋಗುತ್ತದೆ.